‘ಬದಲಾದೆ’ ಎಂದವರ ಮಾತು
“ಡಾಕ್ಟ್ರೇ, ಅಮೆರಿಕದಲ್ಲಿ ಇದಕ್ಕೆ ಟ್ರೀಟ್‌ಮೆಂಟ್ ಇದೆಯಂತೆ. ಬದಲಾದವರ ವಿಡಿಯೋ ನೋಡಿದ್ವಿ.” ಮಗ ಸಲಿಂಗಿ ಎಂದು ಗೊತ್ತಾದ ಮೇಲೆ ಅಪ್ಪ ಅಮ್ಮ ಹೀಗೆ ಕೇಳುವುದುಂಟು. ಮನೋವೈದ್ಯನಾಗಿ ನಾನು ಅವರಿಗೆ ಎಕ್ಸೋಡಸ್ ಇಂಟರ್‌ನ್ಯಾಷನಲ್‌ನ ಕಥೆ ಹೇಳುತ್ತೇನೆ.

1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರು ಕಟ್ಟಿದ ಸಂಘಟನೆ ಅದು. ಪ್ರಾರ್ಥನೆ, ಕೌನ್ಸೆಲಿಂಗ್‌ನಿಂದ ಸಲಿಂಗಿಗಳು ಬದಲಾಗುತ್ತಾರೆ ಎಂದು ಹೇಳುತ್ತಿತ್ತು. ಬೇರೆ ದೇಶಗಳಿಗೂ ಹಬ್ಬಿತು. ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ಬಸ್ಸಿ, ಅಲ್ಲೇ ದುಡಿಯುತ್ತಿದ್ದ ಇನ್ನೊಬ್ಬ ಗಂಡಸನ್ನು ಪ್ರೀತಿಸಿ 1979ರಲ್ಲೇ ಹೊರಬಂದರು. ಆದರೂ “ನಾನು ಬದಲಾದೆ” ಎನ್ನುವ ಸಾಕ್ಷಿಗಳು ನಿಲ್ಲಲಿಲ್ಲ. ಬದಲಾಗಬಹುದಾದರೆ ಪ್ರತ್ಯೇಕ ಹಕ್ಕು ಯಾಕೆ ಎಂದು ವಾದಿಸುವವರಿಗೆ ಈ ಸಾಕ್ಷಿಗಳೇ ಬಂಡವಾಳ.

ನಮ್ಮ ವೃತ್ತಿಯವರೂ ಎಡವಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದಾಗ ಮುಂದೆ ನಿಂತು ದುಡಿದವರು ರಾಬರ್ಟ್ ಸ್ಪಿಟ್ಜರ್. ಅದೇ ಸ್ಪಿಟ್ಜರ್ 2003ರಲ್ಲಿ, ಕೆಲವರು ಬದಲಾಗಬಲ್ಲರು ಎಂದು ಅಧ್ಯಯನ ಪ್ರಕಟಿಸಿದರು. 200 ಜನರನ್ನು ಫೋನಿನಲ್ಲಿ ಮಾತಾಡಿಸಿದ್ದರು, ಅಷ್ಟೇ. ಅವರಲ್ಲಿ ಹಲವರು ಇಂಥ ಸಂಘಟನೆಗಳ ಮೂಲಕವೇ ಬಂದವರು. ಮನೆ, ಚರ್ಚು, ಮದುವೆ ಎಲ್ಲವೂ “ಬದಲಾದೆ” ಎಂಬ ಒಂದು ಮಾತಿನ ಮೇಲೆ ನಿಂತಿರುವಾಗ ಮನುಷ್ಯ ಬೇರೇನು ಹೇಳಿಯಾನು? ಸುಳ್ಳು ಹೇಳಬೇಕೆಂದೇನೂ ಅಲ್ಲ, ತಾನೇ ನಂಬಿಬಿಡುತ್ತಾನೆ. ಆ ಮಾತನ್ನು ಪರೀಕ್ಷಿಸುವ ದಾರಿ ತಮ್ಮ ಬಳಿ ಇರಲಿಲ್ಲ ಎಂದು ಒಪ್ಪಿಕೊಂಡು ಸ್ಪಿಟ್ಜರ್ 2012ರಲ್ಲಿ ಕ್ಷಮೆ ಕೇಳಿದರು. ಆ ಧೈರ್ಯಕ್ಕೆ ನನಗೆ ಗೌರವವಿದೆ.

ಅದೇ ವರ್ಷ ಎಕ್ಸೋಡಸ್ ಅಧ್ಯಕ್ಷ ಅಲನ್ ಚೇಂಬರ್ಸ್, ತಾವು ಕಂಡವರಲ್ಲಿ ಶೇ 99.9ರಷ್ಟು ಜನರ ಆಕರ್ಷಣೆ ಬದಲಾಗಿಲ್ಲ ಎಂದರು. 2013ರ ಜೂನ್‌ನಲ್ಲಿ ನೊಂದವರ ಕ್ಷಮೆ ಕೇಳಿದರು, ಸಂಘಟನೆಯನ್ನೂ ಮುಚ್ಚಿದರು. ಆದರೆ ಇಂಥ ಬೇರೆ ಗುಂಪುಗಳು ಇನ್ನೂ ಇವೆ. ವಿಡಿಯೋಗಳೂ ಓಡಾಡುತ್ತಿವೆ.

ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಹೀಗೆ ‘ಬದಲಾಯಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ಹೇಳಿದೆ. ಮಾಡಿದ ವೈದ್ಯರ ಮೇಲೆ ಕ್ರಮ ಜರುಗಿಸಬಹುದು.

“ಹಾಗಾದ್ರೆ ಮದುವೆ ಮಾಡಿದ್ರೆ ಸರಿ ಹೋಗಲ್ವಾ?” ಇದು ಮುಂದಿನ ಪ್ರಶ್ನೆ. ಚೇಂಬರ್ಸ್ ಹೆಣ್ಣನ್ನೇ ಮದುವೆಯಾದವರು. ಆಮೇಲೂ ಗಂಡಸರ ಮೇಲಿನ ಆಕರ್ಷಣೆ ಹೋಗಲಿಲ್ಲ ಎಂದು ಅವರೇ ಹೇಳಿದ್ದಾರೆ. “ಆ ಹುಡುಗಿಗೆ ಇದನ್ನೆಲ್ಲ ತಿಳಿಸಿಯೇ ಮದುವೆ ಮಾಡ್ತೀರಾ?” ಎನ್ನುತ್ತೇನೆ. ಇಬ್ಬರೂ ಸುಮ್ನೆ ಕೂರುತ್ತಾರೆ. ಮುಂದಿನ ಸಲ ಮಗನನ್ನೂ ಕರೆದುಕೊಂಡು ಬನ್ನಿ, ಅವನಿಗೆ ಮನಸ್ಸಿದ್ದರೆ ಮಾತ್ರ, ಎಂದು ಹೇಳಿ ಕಳಿಸುತ್ತೇನೆ.