ಎಫ್‌ಸಿ ದಿನದ ಗಾಲಿ, ಮರುದಿನದ ಗಾಲಿ

ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ಕಡೆ ಜನ ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುತ್ತಾರೆ. ಆದರೆ ಬ್ರೇಕಿನ ಹಿಡಿತವನ್ನು ಅಳೆಯುವ ಯಂತ್ರ ಬಹುಕಾಲ ಅವರ ಕೈಯಲ್ಲಿರಲಿಲ್ಲ.

ಸಾರಿಗೆ ವಾಹನಕ್ಕೆ ಯೋಗ್ಯತಾ ಪತ್ರ (ಎಫ್‌ಸಿ) ಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯ 38ನೇ ಕಲಮೇ ಹೇಳಿತ್ತು. 1988ರ ಕಾಯ್ದೆಯಲ್ಲಿ ಅದು 56ನೇ ಕಲಮಾಯಿತು. ನಿರೀಕ್ಷಕರಿಗೆ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಕಡ್ಡಾಯ. ಹಾಗಾಗಿ ಕೊರತೆ ತಿಳಿವಳಿಕೆಯದಲ್ಲ. ಚಾಸಿ ನಂಬರ್ ತಾಳೆ ನೋಡಿ, ದೀಪ, ಹಾರ್ನ್, ವೈಪರ್ ಪರೀಕ್ಷಿಸಿ, ಅಂಗಳದಲ್ಲೇ ನಾಲ್ಕು ಮಾರು ಓಡಿಸಿ ನಿಲ್ಲಿಸಿದರೆ ಕೊನೆಗೆ ಪತ್ರದಲ್ಲಿ ಉಳಿಯುವುದು ‘ಯೋಗ್ಯ’ ಎಂಬ ತೀರ್ಮಾನ ಮಾತ್ರ. ಯಾವ ಗಾಲಿ ಎಷ್ಟು ಹಿಡಿಯಿತೆಂಬ ಅಂಕಿ ಇಲ್ಲದ ಮೇಲೆ ಮುಂದೆ ಅದನ್ನು ಪ್ರಶ್ನಿಸಲು ಆಧಾರವೇ ಇರುವುದಿಲ್ಲ.

ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಬ್ರೇಕಿನ ಲಾರಿಯಲ್ಲಿ, ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ಸವೆದಷ್ಟೂ ಅದನ್ನು ದೂಡುವ ಗಾಳಿ ಚೇಂಬರಿನ ಪುಶ್ ರಾಡ್ ಹೆಚ್ಚು ದೂರ ಸಾಗಬೇಕಾಗುತ್ತದೆ. ಎಫ್‌ಸಿಯ ಹಿಂದಿನ ರಾತ್ರಿ ಈ ಅಂತರವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಬಿಗಿ ಮಾಡಿಸಿದರೆ ಖಾಲಿ ಲಾರಿ ಗಕ್ಕನೆ ನಿಲ್ಲುತ್ತದೆ. ಅದೇ ಲಾರಿ ಇಳಕಲ್ಲಿನ ಗ್ರಾನೈಟ್ ಹೇರಿಕೊಂಡು ಚೋರ್ಲಾ ಘಾಟ್ ಇಳಿಯುವಾಗ ಡ್ರಮ್ ಕಾಯುತ್ತದೆ, ಹಿಗ್ಗುತ್ತದೆ, ಲೈನರಿನಿಂದ ದೂರ ಸರಿಯುತ್ತದೆ. ರಾಡ್ ತನ್ನ ಓಟದ ಕೊನೆ ಮುಟ್ಟಿದರೆ ಪೆಡಲ್ ಎಷ್ಟು ಒತ್ತಿದರೂ ಬಲ ಬರದು. ಇನ್ನು ಸೀಲ್ ಸೋರಿ ಎಣ್ಣೆ ಕುಡಿದ ಲೈನರ್ ಒಂದೇ ಬದಿಗಿದ್ದರೆ ವಾಹನ ಇನ್ನೊಂದು ಬದಿಗೆ ಎಳೆಯುತ್ತದೆ.

ಗಾಲಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ ತಿರುಗಿಸುವ ರೋಲರ್ ಬ್ರೇಕ್ ಟೆಸ್ಟರ್ ಎಡಗಾಲಿ, ಬಲಗಾಲಿಗಳ ಬಲವನ್ನು ಬೇರೆಬೇರೆಯಾಗಿ ಅಳೆಯುವುದರಿಂದ ಎಣ್ಣೆಯ ಲೈನರ್ ಅಲ್ಲಿ ಬಚ್ಚಿಟ್ಟುಕೊಳ್ಳಲಾರದು. ಕಾಯ್ದೆಯ 2019ರ ತಿದ್ದುಪಡಿ ಇಂಥ ಯಂತ್ರಗಳಿಂದ ಪರೀಕ್ಷಿಸುವ ಸ್ವಯಂಚಾಲಿತ ಕೇಂದ್ರಗಳಿಗೆ ದಾರಿ ಮಾಡಿತು, 2021ರ ಸೆಪ್ಟೆಂಬರಿನಲ್ಲಿ ನಿಯಮ ಬಂತು. ಪರೀಕ್ಷಿಸುವವರು ರಿಪೇರಿ ಮಾಡಬಾರದು, ಬಿಡಿಭಾಗ ಮಾರಬಾರದು ಎಂಬ ಷರತ್ತು ಅದರಲ್ಲಿದೆ. ನಮ್ಮ ದೃಷ್ಟಿಯಲ್ಲಿ ಯಂತ್ರಕ್ಕಿಂತ ಈ ಷರತ್ತಿನ ತೂಕವೇ ಹೆಚ್ಚು. ಭಾರಿ ವಾಹನಗಳಿಗೆ ಈ ಕೇಂದ್ರಗಳಲ್ಲೇ ಪರೀಕ್ಷೆ ಕಡ್ಡಾಯವಾಗಲು 2023ರ ಏಪ್ರಿಲ್ 1 ಎಂದಿದ್ದ ಗಡುವು ಆಮೇಲೆ 2024ರ ಅಕ್ಟೋಬರ್ 1ಕ್ಕೆ ಹೋಯಿತು.

ಯಂತ್ರಕ್ಕೂ ಮಿತಿ ಇದೆ. ಖಾಲಿ ಆಕ್ಸಲ್ ಮೇಲೆ ಭಾರ ಕಡಿಮೆ. ಬ್ರೇಕ್ ಪೂರ್ತಿ ಬಲ ತೋರುವ ಮೊದಲೇ ಟೈರು ರೋಲರ್ ಮೇಲೆ ಜಾರಿಬಿಡುತ್ತದೆ. ಹೇರಿದಾಗಿನ ಹಿಡಿತ ತಿಳಿಯಬೇಕಾದರೆ ಆಕ್ಸಲನ್ನು ಕೆಳಕ್ಕೆಳೆದು ಕೃತಕ ಭಾರ ಕೊಡುವ ಸಾಧನವೂ ಬೇಕು. ಟೈರಿನದು ಬೇರೆಯದೇ ಆಟ: ನಾಲ್ಕು ಚಕ್ರದ, ಅದಕ್ಕೂ ದೊಡ್ಡ ವಾಹನಗಳಿಗೆ ಟೈರಿನ ಮೇಲ್ಮೈಯ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಒಂದು ದಿನಕ್ಕೆ ಬಾಡಿಗೆ ಟೈರು ಹಾಕಿಸಿ ತಂದರೆ ಅಳತೆ ಸರಿಯಾಗಿಯೇ ಬರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಸೀರಿಯಲ್ ನಂಬರನ್ನು ವರದಿಯಲ್ಲಿ ಬರೆದಿಟ್ಟರೆ ಮರುದಿನ ರಸ್ತೆಯಲ್ಲಿ ಯಾವ ಅಧಿಕಾರಿಯಾದರೂ ತಾಳೆ ನೋಡಬಹುದು.

ಇದೆಲ್ಲದರ ಹೊರಗೇ ಉಳಿದದ್ದು ನಮ್ಮ ಕಬ್ಬಿನ ಟ್ರ್ಯಾಕ್ಟರ್. ಕೃಷಿ ಟ್ರ್ಯಾಕ್ಟರನ್ನು ನಿಯಮಗಳು ಸಾರಿಗೆ ವಾಹನವೆಂದು ಎಣಿಸುವುದಿಲ್ಲ, ಹಾಗಾಗಿ ಅದಕ್ಕೆ ಎಫ್‌ಸಿಯ ಮಾತಿಲ್ಲ. ಸಾಮಾನ್ಯವಾಗಿ ಅದರ ಬ್ರೇಕ್ ಹಿಂದಿನ ಎರಡು ದೊಡ್ಡ ಗಾಲಿಗಳಿಗೆ ಮಾತ್ರ. ಬ್ರೇಕಿಲ್ಲದ ಎರಡು ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಭಾರ ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತದೆ. ಹೊಲದಲ್ಲಿ ತಿರುವಲೆಂದು ಎಡ, ಬಲ ಪೆಡಲ್‌ಗಳನ್ನು ಬಿಡಿಸಿರುತ್ತಾರೆ. ರಸ್ತೆಗೆ ಬರುವ ಮೊದಲು ಪೆಡಲ್‌ಗಳ ಕೊಂಡಿ ಹಾಕದಿದ್ದರೆ ಒಂದೇ ಗಾಲಿ ಹಿಡಿದು ಇಡೀ ಸಾಲು ಅಡ್ಡ ತಿರುಗುತ್ತದೆ. ಕೊಂಡಿ ಹಾಕಿದೆಯೇ, ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ ಎಂದು ಕಾರ್ಖಾನೆಯ ತೂಕದ ಕಟ್ಟೆಯಲ್ಲೇ ನೋಡಬಹುದು. ಹಂಗಾಮಿನಲ್ಲಿ ಕಬ್ಬಿನ ಪ್ರತಿ ಟ್ರ್ಯಾಕ್ಟರೂ ಹೇಗೂ ಅಲ್ಲಿ ನಿಂತೇ ಮುಂದೆ ಹೋಗುತ್ತದೆ.