ಒಂದೇ ಹೊಡೆತ, ಮೂರು ಔಟ್, ಹಿಡಿದವನು ಒಬ್ಬನೇ

ಕ್ರಿಕೆಟಲ್ಲಿ ಕ್ಯಾಚ್ ಆಯ್ತು ಅಂದ್ರೆ ಬಾಲ್ ಡೆಡ್, ಒಂದು ಬಾಲಿಗೆ ಒಂದೇ ವಿಕೆಟ್. ಬೇಸ್‌ಬಾಲಲ್ಲಿ ಹಾಗಲ್ಲ, ಕ್ಯಾಚ್ ಹಿಡಿದ ಮೇಲೂ ಆಟ ನಡೀತಾನೇ ಇರುತ್ತೆ, ಬೇಸ್ (ಓಡೋರು ಒಂದೊಂದಾಗಿ ಮುಟ್ಟಬೇಕಾದ ನೆಲದ ಮೇಲಿನ ಗುರುತು) ಬಿಟ್ಟು ಓಡಿದ ರನ್ನರ್, ಅಂದ್ರೆ ಬ್ಯಾಟಿಂಗ್ ಟೀಮಿನ ಓಟಗಾರ, ವಾಪಸ್ ಬಂದು ತನ್ನ ಬೇಸ್ ಮುಟ್ಟಲೇಬೇಕು, ಅಷ್ಟರೊಳಗೆ ಬಾಲ್ ಹಿಡ್ಕೊಂಡವನು ಆ ಬೇಸ್ ತುಳಿದ್ರೆ ಅಥವಾ ರನ್ನರ್‌ಗೆ ಬಾಲ್ ಮುಟ್ಟಿಸಿದ್ರೆ ಅವನೂ ಔಟ್.

1920ರ ಅಕ್ಟೋಬರ್ 10, ಕ್ಲೀವ್‌ಲ್ಯಾಂಡಲ್ಲಿ ವರ್ಲ್ಡ್ ಸೀರೀಸ್, ಅಂದ್ರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ ಐದನೇ ಮ್ಯಾಚು. ಬ್ಯಾಟಿಂಗ್ ಬ್ರೂಕ್ಲಿನ್ ಟೀಮಿಂದು, ಐದನೇ ಇನ್ನಿಂಗ್ಸಲ್ಲಿ ಇನ್ನೂ ಯಾರೂ ಔಟಾಗಿಲ್ಲ, ಸೆಕೆಂಡ್ ಬೇಸಲ್ಲಿ ಪೀಟ್ ಕಿಲ್ಡಫ್, ಫಸ್ಟಲ್ಲಿ ಆಟೋ ಮಿಲ್ಲರ್. ಕ್ಲಾರೆನ್ಸ್ ಮಿಚೆಲ್ ಬಾರಿಸಿದ ಬಾಲ್ ನೆಲ ಮುಟ್ಟದೆ ಸೆಕೆಂಡ್ ಬೇಸ್ ಕಡೆ ನುಗ್ಗಿತು, ಕ್ಲೀವ್‌ಲ್ಯಾಂಡ್ ಫೀಲ್ಡರ್ ಬಿಲ್ ವಾಂಬ್ಸ್‌ಗಾನ್ಸ್ ಬಲಕ್ಕೆ ಹಾರಿ ಹಿಡಿದ, ಅದೇ ಓಟದಲ್ಲಿ ಹೋಗಿ ಬೇಸ್ ತುಳಿದ, ಕಿಲ್ಡಫ್ ಆಗಲೇ ಥರ್ಡ್ ಬೇಸ್ ಕಡೆ ಓಡಿಬಿಟ್ಟಿದ್ದ. ತಿರುಗಿ ನೋಡಿದ್ರೆ ಮಿಲ್ಲರ್ ಕೆಲವೇ ಅಡಿ ದೂರದಲ್ಲಿ ಏನಾಯ್ತು ಅಂತ ಗೊತ್ತಾಗದೆ ನಿಂತಿದ್ದಾನೆ. ಅವನಿಗೂ ಬಾಲ್ ಮುಟ್ಟಿಸಿದ, ಮೂರು ಔಟ್, ಅಲ್ಲಿಗೆ ಬ್ರೂಕ್ಲಿನ್ ಸರದಿ ಮುಗೀತು!

ಎಲ್ಲರೂ ಕೈಚಳಕ ಅಂತಾರೆ, ನಾನು ಮಾತ್ರ ಇಲ್ಲಿ ಅರ್ಧ ಕೆಲಸ ಮಾಡಿದ್ದು ಜಡತ್ವ ಅಂತೀನಿ. ಬ್ಯಾಟ್ ಬೀಸೋ ಜಾಗವಾದ ಹೋಂ ಪ್ಲೇಟಿಂದ ಸೆಕೆಂಡ್ ಬೇಸಿಗೆ ಸುಮಾರು 39 ಮೀಟರ್, ಬಾಲ್ ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬ್ಯಾಟಿಂದ ಹೊರಟ್ರೆ ಹೆಚ್ಚುಕಮ್ಮಿ ಒಂದೇ ಸೆಕೆಂಡ್. ಕಣ್ಣು ನೋಡಿದ್ದಕ್ಕೆ ಕಾಲು ಪ್ರತಿಕ್ರಿಯಿಸೋಕೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹೋಗುತ್ತೆ, ಆಮೇಲೆ ಜೋರಾಗಿ ಓಡ್ತಿರೋ ಮೈಯನ್ನ ನಿಲ್ಲಿಸಬೇಕು, ನೆಲದ ಘರ್ಷಣೆ ಕೊಡೋ ಬ್ರೇಕ್‌ಗೆ ಒಂದು ಮಿತಿ ಇದೆ, ನಿಂತ ಮೇಲೆ ಸೊನ್ನೆಯಿಂದ ಮತ್ತೆ ಉಲ್ಟಾ ವೇಗ ಹಿಡೀಬೇಕು. ವಾಂಬ್ಸ್‌ಗಾನ್ಸ್‌ಗೆ ಆ ತೊಂದ್ರೆಯೇ ಇರ್ಲಿಲ್ಲ, ಹಾರಿದ ದಿಕ್ಕಲ್ಲೇ ಬೇಸ್ ಇತ್ತು, ಅವನ ಜಡತ್ವ ಅವನ ಕಡೆಗೇ ಕೆಲಸ ಮಾಡ್ತು, ರನ್ನರ್‌ಗಳದ್ದು ಅವರಿಗೇ ಮುಳುವಾಯ್ತು.

ಅದಕ್ಕೇ ಇದು ಇಷ್ಟು ಅಪರೂಪ. ಕನಿಷ್ಠ ಇಬ್ಬರು ರನ್ನರ್ ಬೇಕು, ಔಟ್ ಸೊನ್ನೆ ಇರಬೇಕು, ಅವರು ಮೊದಲೇ ಓಡೋಕೆ ಶುರು ಮಾಡಿರಬೇಕು, ಬಾಲ್ ಬೇಸ್ ಹತ್ರ ಇರೋನ ಕೈಗೇ ಹೋಗ್ಬೇಕು. ಅಮೆರಿಕದ ಮೇಜರ್ ಲೀಗ್ ಇತಿಹಾಸದಲ್ಲಿ ಒಬ್ಬನೇ ಮೂರೂ ಔಟ್ ಮಾಡಿದ್ದು 2009ರ ಆಗಸ್ಟಲ್ಲಿ ಎರಿಕ್ ಬ್ರಂಟ್‌ಲೆಟ್ ಮಾಡಿದಾಗ 15ನೇ ಸಲ, ಅದರಲ್ಲಿ ವರ್ಲ್ಡ್ ಸೀರೀಸಲ್ಲಿ ಆಗಿದ್ದು ವಾಂಬ್ಸ್‌ಗಾನ್ಸ್‌ನ ಈ ಒಂದೇ.

ಪಾಪ ಮಿಚೆಲ್, ಅದೇ ಮ್ಯಾಚಲ್ಲಿ ಮುಂದಿನ ಸಲ ಬ್ಯಾಟ್ ಹಿಡಿದಾಗ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಎರಡು ಔಟ್) ಆಯ್ತು, ಅಂದ್ರೆ ಎರಡು ಹೊಡೆತಕ್ಕೆ ಐದು ಔಟ್.