ತಂಡದಲ್ಲಿ ಇಬ್ಬರು ಹೆಂಗಸರು, ಹುಕುಂ ಮಾತ್ರ ಗಂಡಸಿನದು

ಚಳಿಗಾಲದ ಒಲಿಂಪಿಕ್ಸ್ ಬಂದಾಗ ಹಾಸನದ ಹುಡುಗರ ಮೊಬೈಲಿಗೂ ಕರ್ಲಿಂಗ್ ಬರುತ್ತದೆ. ಒಬ್ಬರು ಐಸ್ ಮೇಲೆ ಕಲ್ಲು ಜಾರಿಸುತ್ತಾರೆ, ಇನ್ನಿಬ್ಬರು ಅದರ ಮುಂದೆ ಉಜ್ಜುತ್ತಾ ಓಡುತ್ತಾರೆ. ‘ಇದ್ಯಾವ ಕಸ ಗುಡಿಸೋ ಆಟ ಮಾರಾಯ’ ಅಂತ ನಗುವವರೇ ಹೆಚ್ಚು. ಆದರೆ ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುವ ಮಿಶ್ರ ಕರ್ಲಿಂಗ್‌ಗೆ ಕೆನಡಾದಲ್ಲಿ 1964ರಿಂದಲೇ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ, ಅದರ ಚರಿತ್ರೆ ಅಷ್ಟೇನೂ ನಗುವಂಥದ್ದಲ್ಲ.

ಮೊದಲು ಕಲ್ಲಿನ ವಿಚಾರ. ಹಾಸನದವರಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಸುಮಾರು 17ರಿಂದ 20 ಕೆ.ಜಿ. ತೂಗುವ ಈ ಗ್ರಾನೈಟ್ ಕಲ್ಲಿಗೆ ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ದ್ವೀಪ ಹೆಸರುವಾಸಿ. ನೀರು ಹೀರದ ಕಲ್ಲೇ ಆಗಬೇಕು. ಒಳಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಮೈ ಚಕ್ಕೆಯೇಳುತ್ತದೆ. ನಮ್ಮ ಬೇಲೂರು, ಹಳೇಬೀಡಿನ ಮೆತ್ತನೆಯ ಬಳಪದ ಕಲ್ಲಾದರೆ ಒಂದೆರಡು ಡಿಕ್ಕಿಗೇ ಕಥೆ ಮುಗಿದೀತು. ಐಸ್ ಮೇಲೆ ನೀರು ಚಿಮುಕಿಸಿ ಸಣ್ಣ ಸಣ್ಣ ಉಬ್ಬುಗಳನ್ನು ಎಬ್ಬಿಸಿರುತ್ತಾರೆ, ಕಲ್ಲು ಜಾರುವುದು ಅವುಗಳ ಮೇಲೆ. ಉಜ್ಜಿದಾಗ ಐಸ್ ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಆಚೆ ತುದಿಯಲ್ಲಿ ನಿಂತು ಗುರಿ ತೋರಿಸುವವರು, ಉಜ್ಜಿ ಎಂದು ಕೂಗುವವರು ಸ್ಕಿಪ್, ಅಂದರೆ ತಂಡದ ನಾಯಕರು. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲೂ ಅವರ ಕೈಯಲ್ಲೇ.

ಕೆನಡಾದ ಗಂಡಸರಿಗೆ ರಾಷ್ಟ್ರೀಯ ಪಂದ್ಯಾವಳಿ ಸಿಕ್ಕಿದ್ದು 1927ರಲ್ಲಿ. ಹೆಂಗಸರು 1961ರವರೆಗೆ ಕಾದರು. ಮೂರು ವರ್ಷದ ನಂತರ ಟೊರಾಂಟೊದಲ್ಲಿ ಮಿಶ್ರ ಚಾಂಪಿಯನ್‌ಷಿಪ್ ಶುರುವಾಯಿತು, ಮ್ಯಾನಿಟೋಬಾ ಪ್ರಾಂತ್ಯದ ತಂಡ ಗೆದ್ದಿತು. ನಾಲ್ವರ ತಂಡದಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಗಂಡೊಬ್ಬ ಕಲ್ಲು ಬಿಟ್ಟ ಮೇಲೆ ಹೆಣ್ಣೊಬ್ಬಳು, ಹೀಗೆ ಸರದಿ. ತಲೆ ಎಣಿಸಿದರೆ ಸರಿಸಮ.

ಸ್ಕಿಪ್ ಜಾಗ ನೋಡಿದರೆ ಬಣ್ಣ ಬಯಲು. ಮಹಿಳಾ ಸ್ಕಿಪ್ ಒಬ್ಬರು ಈ ಪ್ರಶಸ್ತಿಯನ್ನು ಮೊದಲ ಸಲ ಗೆದ್ದದ್ದು 2004ರಲ್ಲಿ, ಆಲ್ಬರ್ಟಾ ಪ್ರಾಂತ್ಯದ ಶಾನನ್ ಕ್ಲೈಬ್ರಿಂಕ್. ಅಂದರೆ 40 ವರ್ಷ ಬೇಕಾಯಿತು. ಅಧ್ಯಕ್ಷೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಭೆ ನಡೆಸುವ ‘ಅಧ್ಯಕ್ಷರ ಯಜಮಾನ್ರ’ನ್ನು ಕಂಡಿರುವ ನಮ್ಮ ಪಂಚಾಯಿತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಜ್ಜುವ ಕೆಲಸದಲ್ಲಿ ಸಮಾನತೆ ಬೇಗ ಬಂತು, ಹುಕುಂ ಕೊಡುವುದರಲ್ಲಿ ತಡವಾಯಿತು.

2015ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನಾಲ್ವರ ಮಿಶ್ರ ತಂಡಗಳ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ಅಲ್ಲಿ ಸ್ಕಿಪ್ ಗಂಡಸಾದರೆ ಉಪನಾಯಕಿ ಹೆಂಗಸೇ ಆಗಬೇಕು, ಸ್ಕಿಪ್ ಹೆಂಗಸಾದರೆ ಅದರ ತಿರುಗುಮುರುಗು. ನನ್ನ ಮಟ್ಟಿಗೆ ತಲೆಯೆಣಿಕೆಗಿಂತ ಈ ನಿಯಮವೇ ದೊಡ್ಡದು.

ಅಷ್ಟರಲ್ಲಿ ಹೆಸರು ಮಾಡಿದ್ದು ಮಾತ್ರ ಇಬ್ಬರೇ ಆಡುವ ಮಿಶ್ರ ಡಬಲ್ಸ್. ಅದಕ್ಕೆ 2008ರಲ್ಲೇ ವಿಶ್ವ ಚಾಂಪಿಯನ್‌ಷಿಪ್ ಇತ್ತು, 2018ರಲ್ಲಿ ಒಲಿಂಪಿಕ್ಸ್ ಪ್ರವೇಶವೂ ಆಯಿತು. ಮೊದಲ ಚಿನ್ನ ಕೆನಡಾದ ಕೇಟ್ಲಿನ್ ಲಾಸ್ ಮತ್ತು ಜಾನ್ ಮಾರಿಸ್ ಜೋಡಿಗೆ. ಒಂದು ಎಂಡ್‌ನಲ್ಲಿ, ಅಂದರೆ ಒಂದು ಸುತ್ತಿನಲ್ಲಿ, ಜೋಡಿಗೆ ಐದು ಕಲ್ಲು: ಮೊದಲನೆಯದೂ ಕೊನೆಯದೂ ಒಬ್ಬರದು, ನಡುವಿನ ಮೂರು ಇನ್ನೊಬ್ಬರದು. ದೂರ ನಿಂತು ಕೂಗುವುದಕ್ಕಷ್ಟೇ ಒಬ್ಬರನ್ನು ಇಟ್ಟುಕೊಳ್ಳಲು ಇಲ್ಲಿ ಆಳಿಲ್ಲ. ಕೆನಡಾದ ನಾಲ್ವರ ಹಳೆಯ ಚಾಂಪಿಯನ್‌ಷಿಪ್ ಒಲಿಂಪಿಕ್ಸ್ ದಾರಿಯಿಂದ ಇವತ್ತಿಗೂ ಹೊರಗೇ ಇದೆ. ಅಲ್ಲಿ ಗೆದ್ದವರು ಹೋಗುವುದು ವಿಶ್ವ ಮಿಶ್ರ ಚಾಂಪಿಯನ್‌ಷಿಪ್‌ಗೆ.